ಆಸ್ಪತ್ರೆಯ ಗಾಳಿ ಲೆಕ್ಕ ಹುಳು ಮನೆಗೆ: ಮೆಷಿನ್ ಬೇಡ, ನಾಲ್ಕು ಪ್ರಶ್ನೆ ಸಾಕು

ಚಳಿಗಾಲದ ಬೆಳೆ ಶುರುವಾಗೋ ಹೊತ್ತಿಗೆ ಈ ವಿಷಯ ಬರೀಬೇಕು ಅಂತ ಎರಡು ವರ್ಷದಿಂದ ಅಂದ್ಕೊಂಡಿದ್ದೆ. ಬರೆಯೋಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ.

ಆಗ ನಮ್ಮದು 200 ಮೊಟ್ಟೆ ಬೆಳೆ. ಹುಳು ನಾಲ್ಕನೇ ಜ್ವರದಿಂದ ಎದ್ದು ಮೂರನೇ ದಿನ. ಹೊರಗೆ ವಿಪರೀತ ಚಳಿ. ಅಪ್ಪ ಹುಳು ಮನೆಯ ಕಿಟಕಿಗಳಿಗೆಲ್ಲ ಟಾರ್ಪಾಲ್ ಕಟ್ಟಿ, ಒಳಗೆ ಎರಡು ಇದ್ದಿಲು ಒಲೆ ಇಟ್ಟಿದ್ರು. ರಾತ್ರಿ ಸೊಪ್ಪು ಹಾಕೋಕೆ ಹೋದ ಅಮ್ಮ ಅರ್ಧ ಗಂಟೆ ಆದ್ರೂ ಬರಲಿಲ್ಲ. ಹೋಗಿ ನೋಡಿದ್ರೆ ಸ್ಟ್ಯಾಂಡಿಗೆ ಒರಗಿ ಕೂತಿದ್ದಾರೆ. ತಲೆನೋವು, ವಾಕರಿಕೆ, ಎದ್ದು ನಿಲ್ಲೋಕೆ ಆಗ್ತಿಲ್ಲ. ಹೊರಗೆ ಎತ್ತಿಕೊಂಡು ಬಂದು ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಆಮ್ಲಜನಕ ಕೊಟ್ಟರು, ಬೆಳಗ್ಗೆ ಹೊತ್ತಿಗೆ ಸರಿಹೋದ್ರು. ಅದೇ ಬೆಳೆಯಲ್ಲಿ ಹುಳುವೂ ಕೈಕೊಟ್ಟಿತು. ಸುಣ್ಣಕಟ್ಟು ರೋಗ ಬಂದು ಮೂರರಲ್ಲಿ ಒಂದು ಭಾಗ ಹೋಯಿತು. ಉಳಿದದ್ದರಲ್ಲೂ ಜೊಳ್ಳು ಗೂಡು ಜಾಸ್ತಿ.

ನನಗೆ ನಾಚಿಕೆ ಆಗಿದ್ದು ಇನ್ನೊಂದು ಕಾರಣಕ್ಕೆ. ಊರಿಗೆ ವಾಪಸ್ ಬರೋ ಮುಂಚೆ ಆರು ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎ.ಸಿ. ಮತ್ತು ಗಾಳಿ ವ್ಯವಸ್ಥೆ ನೋಡಿಕೊಳ್ಳೋ ಟೆಕ್ನಿಷಿಯನ್ ಆಗಿದ್ದವನು ನಾನು. ಆಪರೇಷನ್ ಥಿಯೇಟರಿಗೆ ಗಂಟೆಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಅಳೆದು ರಿಜಿಸ್ಟರಿನಲ್ಲಿ ಬರೀತಿದ್ದವನಿಗೆ ನಮ್ಮದೇ ಹುಳು ಮನೆಯಲ್ಲಿ ಆ ಲೆಕ್ಕ ಹಾಕಬೇಕು ಅಂತ ಹೊಳೆದಿರಲಿಲ್ಲ.

ಆಮೇಲೆ ಹಾಕಿದೆ. ಆಸ್ಪತ್ರೆಯ ದುಬಾರಿ ಮೆಷಿನ್ ಯಾವುದೂ ನಮಗೆ ಬೇಕಾಗಲಿಲ್ಲ. ಅಲ್ಲಿ ಕೇಳೋ ನಾಲ್ಕು ಪ್ರಶ್ನೆ ಮಾತ್ರ ಬೇಕಾಯಿತು. ಗಾಳಿ ಎಷ್ಟು? ಎಲ್ಲಿಂದ ಎಲ್ಲಿಗೆ? ಒತ್ತಡ ಒಳಗೆ ಜಾಸ್ತಿಯೋ ಹೊರಗೋ? ವೇಗ ಎಷ್ಟು? ಒಂದೊಂದಾಗಿ ನೋಡೋಣ.

ಮೊದಲು, ಇದು ಹೊಸ ಯೋಚನೆ ಅಲ್ಲ

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲನೇ ನಿಯಮವೇ ಗಾಳಿಯದ್ದು: ರೋಗಿಗೆ ಚಳಿ ಆಗದ ಹಾಗೆ ಒಳಗಿನ ಗಾಳಿಯನ್ನ ಹೊರಗಿನಷ್ಟೇ ಶುದ್ಧವಾಗಿ ಇಡಬೇಕು. ನಮ್ಮ ಹುಳು ಮನೆ ಸಮಸ್ಯೆಯೂ ಅಷ್ಟೇ ಅಲ್ವಾ?

ಅದಾದ ನೂರು ವರ್ಷಕ್ಕೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಅನ್ನೋ ಮೂಳೆ ಸರ್ಜನ್ ಸೊಂಟದ ಕೀಲು ಬದಲಾಯಿಸೋ ಆಪರೇಷನ್ ಮಾಡ್ತಿದ್ರು. ಕೀವು ತುಂಬೋ ಕಾಟ ಜಾಸ್ತಿ ಇತ್ತು. 1960ರ ದಶಕದ ಶುರುವಿನಲ್ಲಿ ಅವರು ಥಿಯೇಟರ್ ಒಳಗೇ ಒಂದು ಸಣ್ಣ ಗಾಜಿನ ಕೋಣೆ ಮಾಡಿ, ಮೇಲಿಂದ ಕೆಳಕ್ಕೆ ಸೋಸಿದ ಗಾಳಿ ನಿಧಾನವಾಗಿ ಇಳಿಯೋ ಹಾಗೆ ಮಾಡಿದರು. ಅದನ್ನ ಎಲ್ಲರೂ ಕರೀತಿದ್ದದ್ದು 'ಗ್ರೀನ್‌ಹೌಸ್' ಅಂತ! ಸುಮಾರು ಹತ್ತು ವರ್ಷದಲ್ಲಿ ಸೋಂಕು ಶೇ. 7ರ ಆಸುಪಾಸಿನಿಂದ ಶೇ. 1ರ ಕೆಳಗೆ ಬಂತು. ಹಾಗಂತ ಗಾಳಿಯೊಂದರಿಂದಲೇ ಆಗಿದ್ದಲ್ಲ. ಡಾಕ್ಟರುಗಳ ಉಡುಪು, ಕೈಗವಸು, ಹೊಲಿಗೆ ಹಾಕೋ ರೀತಿ ಎಲ್ಲವನ್ನೂ ಅವರು ಜೊತೆಜೊತೆಗೆ ಬದಲಾಯಿಸಿದ್ರು. ಈ ಮಾತು ನೆನಪಿಡಿ, ಕೊನೆಗೆ ಮತ್ತೆ ಬರುತ್ತೆ.

ಪಶುಪಾಲನೆಗೂ ಈ ವಿದ್ಯೆ ಬಂದಿದೆ. ಅಮೆರಿಕದಲ್ಲಿ ಹಂದಿಗಳ ಒಂದು ವೈರಸ್ ರೋಗ ಗಾಳಿಯಲ್ಲೇ ಹಲವು ಕಿಲೋಮೀಟರ್ ಹೋಗುತ್ತೆ ಅಂತ ಗೊತ್ತಾದ ಮೇಲೆ, ತಳಿ ಹಂದಿ ಸಾಕೋ ದೊಡ್ಡ ಶೆಡ್ಡುಗಳು ಆಸ್ಪತ್ರೆ ಮಾದರಿಯ ಫಿಲ್ಟರ್ ಹಾಕಿಕೊಂಡವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಶುವೈದ್ಯರು ಕರುಗಳ ನ್ಯುಮೋನಿಯಾ ತಡೆಯೋಕೆ ತೂತು ಹೊಡೆದ ಉದ್ದನೆಯ ಟ್ಯೂಬಿನಲ್ಲಿ ಹೊಸ ಗಾಳಿ ಹಂಚೋ ವಿಧಾನ ಬಳಕೆಗೆ ತಂದರು. ಇದರಲ್ಲಿ ಫಿಲ್ಟರ್ ನಮಗೆ ಬೇಡ, ಟ್ಯೂಬ್ ಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

ಪ್ರಶ್ನೆ 1: ಗಾಳಿ ಎಷ್ಟು?

ಆಸ್ಪತ್ರೆಯಲ್ಲಿ ಫ್ಯಾನ್ ಎಷ್ಟು ದೊಡ್ಡದು ಅಂತ ಕೇಳಲ್ಲ. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತೆ ಅಂತ ಕೇಳ್ತಾರೆ. ಆಪರೇಷನ್ ಥಿಯೇಟರಿಗೆ 20 ಸಲ. ಗಾಳಿಯಲ್ಲಿ ಹರಡೋ ಕಾಯಿಲೆ ಇರೋರನ್ನ ಇಡೋ ಐಸೊಲೇಷನ್ ಕೋಣೆಗೆ 12 ಸಲ.

ನಿಮ್ಮ ಹುಳು ಮನೆಗೆ ಲೆಕ್ಕ ಹಾಕೋದು ಸುಲಭ, ಫೋನಿನ ಕ್ಯಾಲ್ಕ್ಯುಲೇಟರ್ ತೆಗೀರಿ. ನಮ್ಮದು 40 ಅಡಿ ಉದ್ದ, 20 ಅಡಿ ಅಗಲ, 12 ಅಡಿ ಎತ್ತರ. ಗುಣಿಸಿದ್ರೆ 9,600 ಘನ ಅಡಿ. ಅದನ್ನ 35.3ರಿಂದ ಭಾಗಿಸಿ, 272 ಘನ ಮೀಟರ್. ನಮ್ಮ 12 ಇಂಚಿನ ಎಕ್ಸಾಸ್ಟ್ ಫ್ಯಾನಿನ ಡಬ್ಬಿ ಮೇಲೆ ಗಂಟೆಗೆ 1,600 ಘನ ಮೀಟರ್ ಅಂತ ಬರೆದಿತ್ತು. 1,600 ಭಾಗಿಸು 272, ಹತ್ತಿರ ಹತ್ತಿರ 6 ಸಲ. ಆದರೆ ಊಜಿ ನೊಣದ ಬಲೆ, ಅದರ ಮೇಲಿನ ಧೂಳು, ವೋಲ್ಟೇಜ್ ಕಡಿಮೆ, ಇವೆಲ್ಲ ಸೇರಿದ್ರೆ ಡಬ್ಬಿ ಮೇಲಿನ ಅಂಕಿ ಸಿಗಲ್ಲ. ನಾನು ಅರ್ಧ ಅಂತ ಹಿಡೀತೀನಿ: ಗಂಟೆಗೆ 800 ಘನ ಮೀಟರ್, ಅಂದ್ರೆ 3 ಸಲ.

ಹುಳು ಮನೆಗೆ ಎಷ್ಟು ಬೇಕು? ಇಲ್ಲಿ ನೀರಿನ ಲೆಕ್ಕ ಹಾಕಬೇಕು. 100 ಮೊಟ್ಟೆಗೆ ಇಡೀ ಬೆಳೆಗೆ ಸುಮಾರು 1,000 ಕೆ.ಜಿ. ಸೊಪ್ಪು ಬೇಕು, ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಖರ್ಚಾಗೋದು ನಾಲ್ಕನೇ ಜ್ವರ ಎದ್ದ ಮೇಲೆ. 200 ಮೊಟ್ಟೆ ಅಂದ್ರೆ ಕೊನೇ ವಾರದಲ್ಲಿ ದಿನಕ್ಕೆ 200 ಕೆ.ಜಿ. ಮೀರಿ ಸೊಪ್ಪು ಒಳಗೆ ಹೋಗುತ್ತೆ. ಹಸಿ ಸೊಪ್ಪಿನಲ್ಲಿ ಶೇ. 70ರಷ್ಟು ನೀರೇ. ಅಂದ್ರೆ ದಿನಕ್ಕೆ 140 ಲೀಟರ್ ನೀರನ್ನ ನಾವೇ ಹೊತ್ತು ಒಳಗೆ ಹಾಕ್ತಿದ್ದೀವಿ! ಇದರಲ್ಲಿ ಒಂದಿಷ್ಟು ಹುಳುವಿನ ಮೈಗೆ, ಒಂದಿಷ್ಟು ಹಿಕ್ಕೆ ಮತ್ತು ಹಾಸಿಗೆಗೆ. ಅರ್ಧ ಗಾಳಿಗೆ ಸೇರಿದ್ರೂ 70 ಲೀಟರ್. ಗಂಟೆಗೆ ಹತ್ತಿರ 3 ಲೀಟರ್.

ಚಳಿಗಾಲದ ಗಾಳಿ ಇದನ್ನ ಹೊತ್ತುಕೊಂಡು ಹೋಗಬಲ್ಲದು. ಹೊರಗೆ 18 ಡಿಗ್ರಿ, ತೇವಾಂಶ ಶೇ. 80 ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಿನ ಆವಿ ಇರುತ್ತೆ. ಅದೇ ಗಾಳಿ ಒಳಗೆ ಬಂದು 25 ಡಿಗ್ರಿಗೆ ಬಿಸಿಯಾದ್ರೆ, ಶೇ. 75 ತೇವಾಂಶದಲ್ಲೂ 17 ಗ್ರಾಂ ಹಿಡಿಯುತ್ತೆ. ಘನ ಮೀಟರಿಗೆ 5 ಗ್ರಾಂ ಲಾಭ. ಅಂದ್ರೆ ನಮ್ಮ ಮನೆಯ ಗಾಳಿ ಒಂದು ಸಲ ಬದಲಾದ್ರೆ ಸುಮಾರು 1.3 ಲೀಟರ್ ನೀರು ಹೊರಗೆ ಹೋಗುತ್ತೆ. ಗಂಟೆಗೆ 2 ಸಲ ಬದಲಾದ್ರೆ ಹತ್ತಿರ ಹತ್ತಿರ ಸರಿಹೋಯ್ತು.

ನೋಡಿ, 20 ಬೇಡ, 12 ಬೇಡ, 2 ಸಾಕು. ಆದರೆ ಅದು ಹಗಲು ರಾತ್ರಿ ನಡೀತಾ ಇರಬೇಕು. ನಾವು ಮಾಡೋದು ಏನು? ರಾತ್ರಿ ಪೂರ್ತಿ ಮುಚ್ಚಿ, ಬೆಳಗ್ಗೆ ಎಲ್ಲ ಕಿಟಕಿ ಒಟ್ಟಿಗೆ ತೆಗೀತೀವಿ. ರಾತ್ರಿ ಬೆವರು, ಬೆಳಗ್ಗೆ ಚಳಿ ಪೆಟ್ಟು. ಹುಳುಕ್ಕೆ ಎರಡೂ ಆಗಲ್ಲ. ನಾವೀಗ ಫ್ಯಾನಿಗೆ ಒಂದು ಟೈಮರ್ ಹಾಕಿದ್ದೀವಿ: 10 ನಿಮಿಷ ಓಡುತ್ತೆ, 5 ನಿಮಿಷ ನಿಲ್ಲುತ್ತೆ.

"ಹಾಗೆ ಬಿಟ್ರೆ ಬಿಸಿಯೆಲ್ಲ ಹೋಗಲ್ವೇನೋ?" ಅಂತ ಅಪ್ಪ ಕೇಳಿದ್ರು. ಹೋಗುತ್ತೆ. ಗಂಟೆಗೆ 2 ಸಲ ಹೊಸ ಗಾಳಿಯನ್ನ 18ರಿಂದ 25 ಡಿಗ್ರಿಗೆ ತರೋಕೆ ಸುಮಾರು 1.3 ಕಿಲೋವಾಟ್ ಬೇಕು, ಅಂದ್ರೆ ಒಂದು ರೂಮ್ ಹೀಟರಿನಷ್ಟು. ಗೋಡೆ, ಮಾಡಿನ ಮೂಲಕ ಹೋಗೋ ಬಿಸಿ ಬೇರೆ. ಅದಕ್ಕೇ ಶೀಟ್ ಮಾಡು ಇರೋರು ಮೊದಲು ಮಾಡಿನ ಕೆಳಗೆ ಗರಿ ಅಥವಾ ಥರ್ಮೋಕೋಲ್ ಹಾಕಿ. ಬಿಸಿ ಉಳಿಸೋದು ಮಾಡಿನಲ್ಲಿ, ಕಿಟಕಿ ಮುಚ್ಚಿ ಅಲ್ಲ.

ಮಳೆಗಾಲದ ಕತೆ ಬೇರೆ. ಹೊರಗೆ 22 ಡಿಗ್ರಿ, ತೇವಾಂಶ ಶೇ. 95 ಇದ್ರೆ ಆ ಗಾಳಿಯಲ್ಲೇ 18 ಗ್ರಾಂ ನೀರು ಇರುತ್ತೆ. ಎಷ್ಟು ಫ್ಯಾನ್ ಓಡಿಸಿದ್ರೂ 25 ಡಿಗ್ರಿಯಲ್ಲಿ ಶೇ. 80ರ ಕೆಳಗೆ ಇಳಿಯಲ್ಲ. ಅಂಥ ದಿನ ಫ್ಯಾನನ್ನ ಬೈಬೇಡಿ. ನೆಂದ ಸೊಪ್ಪು ಹಾಕೋದು ನಿಲ್ಲಿಸಿ, ಹಾಸಿಗೆ ತೆಳ್ಳಗೆ ಮಾಡಿ, ಸುಣ್ಣ ಉದುರಿಸಿ, ಒಂದೆರಡು ಡಿಗ್ರಿ ಬಿಸಿ ಕೊಡಿ.

ಪ್ರಶ್ನೆ 2: ಎಲ್ಲಿಂದ ಎಲ್ಲಿಗೆ?

ಬಹಳ ಹುಳು ಮನೆಗಳಲ್ಲಿ ನಾನು ನೋಡಿರೋ ತಪ್ಪು ಇದು. ಎಕ್ಸಾಸ್ಟ್ ಫ್ಯಾನ್ ಇರುತ್ತೆ, ಅದರ ಪಕ್ಕದಲ್ಲೇ ಒಂದು ಕಿಟಕಿ ತೆಗೆದಿರುತ್ತೆ. ಗಾಳಿ ಆ ಕಿಟಕಿಯಿಂದ ಬಂದು ಅದೇ ಫ್ಯಾನಿನಿಂದ ಹೊರಗೆ ಹೋಗುತ್ತೆ. ಮನೆಯ ಇನ್ನೊಂದು ತುದಿಯ ಸ್ಟ್ಯಾಂಡುಗಳಲ್ಲಿ ಗಾಳಿ ಅಲುಗಾಡೋದೇ ಇಲ್ಲ. ಆಸ್ಪತ್ರೆಯಲ್ಲಿ ಇದನ್ನ ಗಾಳಿಯ ಶಾರ್ಟ್ ಸರ್ಕ್ಯೂಟ್ ಅಂತೀವಿ.

ಹೊಸ ಗಾಳಿ ಒಂದು ತುದಿಯಿಂದ ಬರಬೇಕು, ಹುಳುವಿನ ಸ್ಟ್ಯಾಂಡುಗಳನ್ನ ದಾಟಬೇಕು, ಹಳೇ ಗಾಳಿ ಇನ್ನೊಂದು ತುದಿಯಿಂದ ಹೋಗಬೇಕು. ಬರೋ ದಾರಿ ನೆರಳಿನ ಕಡೆ, ಹೋಗೋ ದಾರಿ ಎದುರು ಗೋಡೆಯ ಮೇಲ್ಭಾಗದಲ್ಲಿ, ಯಾಕಂದ್ರೆ ಬಿಸಿ ಗಾಳಿ ಮೇಲಕ್ಕೆ ಏರುತ್ತೆ. ಬರೋ ದಾರಿ ಸಣ್ಣದಿದ್ರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತೆ ಅಷ್ಟೆ. 12 ಇಂಚಿನ ಫ್ಯಾನಿಗೆ ಬಲೆ ಹಾಕಿದ ಕಿಟಕಿ ಕಡಿಮೆ ಅಂದ್ರೂ 3 ಚದರಡಿ ತೆರೆದಿರಲಿ. ಪ್ರತಿ ಬೆಳೆ ಮುಗಿದ ಮೇಲೆ ಬಲೆ ಬಿಚ್ಚಿ ತೊಳೀರಿ.

ಗಾಳಿ ಎತ್ತ ಹೋಗ್ತಿದೆ ಅಂತ ನೋಡೋಕೆ ಆಸ್ಪತ್ರೆಯಲ್ಲಿ ಹೊಗೆ ಪರೀಕ್ಷೆ ಮಾಡ್ತೀವಿ. ನಿಮಗೆ ಊದುಬತ್ತಿ ಸಾಕು. ಆದ್ರೆ ಚಾಕಿ ತರೋಕೆ ಮುಂಚೆ, ಮನೆ ಖಾಲಿ ಇರುವಾಗಲೇ ಮಾಡಿ. ಹುಳು ಇರುವಾಗ ಊದುಬತ್ತಿ, ಸೊಳ್ಳೆ ಬತ್ತಿ ಎರಡೂ ಒಳಗೆ ಹೋಗಬಾರದು. ಫ್ಯಾನ್ ಹಾಕಿ, ಒಂದೊಂದು ಸ್ಟ್ಯಾಂಡಿನ ಪ್ರತಿ ಅಂತಸ್ತಿನಲ್ಲೂ ಊದುಬತ್ತಿ ಹಿಡಿದು ಫೋನಿನಲ್ಲಿ ವಿಡಿಯೊ ಮಾಡಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗಿ ಅಲ್ಲೇ ಸುತ್ತುತಿದ್ರೆ ಅದು ಸತ್ತ ಜಾಗ. ನಮ್ಮ ಮನೆಯಲ್ಲಿ ಆಗ್ನೇಯ ಮೂಲೆಯ ಕೆಳಗಿನ ಎರಡು ಅಂತಸ್ತು ಹಾಗೇ ಇತ್ತು. ಹಿಂದಿನ ಬೆಳೆಯಲ್ಲಿ ಸುಣ್ಣಕಟ್ಟು ಮೊದಲು ಕಾಣಿಸಿಕೊಂಡಿದ್ದೂ ಅಲ್ಲೇ.

ಹುಳು ಇರುವಾಗ ನೋಡಬೇಕಾದ್ರೆ ತೆಳ್ಳನೆ ಟಿಶ್ಯೂ ಪೇಪರಿನ ಒಂದು ಪಟ್ಟಿ ಸಾಕು.

ಪ್ರಶ್ನೆ 3: ಒತ್ತಡ ಯಾವ ಕಡೆ?

ಆಪರೇಷನ್ ಥಿಯೇಟರಿನ ಬಾಗಿಲು ಸ್ವಲ್ಪ ತೆಗೆದ್ರೆ ಗಾಳಿ ಒಳಗಿಂದ ಹೊರಗೆ ನುಗ್ಗುತ್ತೆ. ಒಳಗೆ ಒತ್ತಡ ಜಾಸ್ತಿ ಇಟ್ಟಿರ್ತಾರೆ, ಕಾರಿಡಾರಿನ ಕೊಳಕು ಒಳಗೆ ಬರಬಾರದು ಅಂತ. ಕ್ಷಯರೋಗಿಯ ಐಸೊಲೇಷನ್ ಕೋಣೆಯಲ್ಲಿ ಉಲ್ಟಾ: ಅಲ್ಲಿನ ಗಾಳಿ ಕಾರಿಡಾರಿಗೆ ಬರಬಾರದು, ಅದಕ್ಕೆ ಒಳಗೆ ಒತ್ತಡ ಕಡಿಮೆ.

ನಮ್ಮ ಹುಳು ಮನೆ ಯಾವುದರ ಹಾಗೆ? ಬರೀ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಅದು ಐಸೊಲೇಷನ್ ಕೋಣೆ ಆಗುತ್ತೆ. ಬಾಗಿಲ ಸಂದಿ, ಶೀಟಿನ ಸಂದಿ, ಹೆಂಚಿನ ತೂತು ಎಲ್ಲ ಕಡೆಯಿಂದ ಹೊರಗಿನದ್ದನ್ನ ಎಳ್ಕೊಳ್ಳುತ್ತೆ. ಊಜಿ ನೊಣ, ರಸ್ತೆ ಧೂಳು, ಪಕ್ಕದ ತೋಟದಲ್ಲಿ ಟೊಮೆಟೊಗೆ ಹೊಡೆದ ಔಷಧಿ, ಎಲ್ಲಾ. ಅದೇ ಫ್ಯಾನ್ ಹೊರಗಿನ ಗಾಳಿಯನ್ನ ಒಳಗೆ ದಬ್ಬಿದ್ರೆ, ಗಾಳಿ ಬರೋ ಜಾಗ ಒಂದೇ. ಆ ಒಂದು ಜಾಗಕ್ಕೆ ಒಳ್ಳೇ ಬಲೆ ಹಾಕಿದ್ರೆ ಆಯ್ತು. ಸಂದಿಗಳಿಂದ ಗಾಳಿ ಹೊರಗೆ ಹೋಗ್ತಾ ಇರುತ್ತೆ, ಒಳಗೆ ಬರಲ್ಲ.

ಹಾಗಾಗಿ ಚಾಕಿಯಿಂದ ಹಿಡಿದು ಹುಳು ಹಣ್ಣಾಗೋವರೆಗೆ ನಾನು ದಬ್ಬೋ ಫ್ಯಾನ್ ಪರ. ಚಂದ್ರಿಕೆಗೆ ಹಾಕಿದ ಮೇಲೆ ಎಳೆಯೋ ಫ್ಯಾನನ್ನೂ ಜೊತೆಗೆ ಓಡಿಸ್ತೀವಿ, ಯಾಕಂದ್ರೆ ಗೂಡು ಕಟ್ಟೋ ಮುಂಚೆ ಹುಳು ಮೂತ್ರ ಹಾಕುತ್ತೆ, ನೂಲಿನ ತೇವವೂ ಸೇರುತ್ತೆ. ಆಗ ತೇವಾಂಶ ಶೇ. 60ರಿಂದ 65ಕ್ಕೆ ಬರಬೇಕು. ಬರದಿದ್ರೆ ನೂಲು ಬಿಚ್ಚಾಣಿಕೆ ಕೆಡುತ್ತೆ, ಮಾರುಕಟ್ಟೆಯಲ್ಲಿ ರೀಲರ್ ಗೂಡನ್ನ ಕೈಯಲ್ಲಿ ಹಿಡಿದ ತಕ್ಷಣ ಗೊತ್ತಾಗುತ್ತೆ.

ಸುಣ್ಣಕಟ್ಟು ಬಂದಾಗ ಮಾತ್ರ ಹುಷಾರು. ಸತ್ತ ಹುಳುವಿನ ಮೈಮೇಲಿನ ಬಿಳಿ ಪುಡಿ ಅಂದ್ರೆ ಶಿಲೀಂಧ್ರದ ಬೀಜಾಣು. ಅದು ಗಾಳಿಯಲ್ಲಿ ತೇಲುತ್ತೆ. ಫ್ಯಾನ್ ಹಾಕಿದ್ರೆ ನೀವೇ ಇಡೀ ಮನೆಗೆ ಬಿತ್ತಿದ ಹಾಗೆ. ಮೊದಲು ಫ್ಯಾನ್ ನಿಲ್ಲಿಸಿ, ಬಿಳಿ ಪುಡಿ ಬರೋ ಮುಂಚೆಯೇ ಗಟ್ಟಿಯಾದ ಹುಳುಗಳನ್ನ ಆರಿಸಿ ಸುಟ್ಟುಬಿಡಿ, ಹಾಸಿಗೆಗೆ ಇಲಾಖೆ ಹೇಳಿರೋ ಸೋಂಕು ನಿವಾರಕ ಹಾಕಿ, ಆಮೇಲೆ ಫ್ಯಾನ್. ಹೊರಗೆ ಹೋಗೋ ಗಾಳಿ ಪಕ್ಕದವರ ಹುಳು ಮನೆ ಕಡೆ, ನಿಮ್ಮದೇ ಸೊಪ್ಪಿನ ತೋಟದ ಕಡೆ ಬೀಸದ ಹಾಗೆ ನೋಡ್ಕೊಳ್ಳಿ.

ಇನ್ನೊಂದು. ಊಜಿ ತಡೆಯೋಕೆ ಹುಳು ಮನೆ ಮುಂದೆ ಬಲೆಯ ಸಣ್ಣ ಕೋಣೆ ಮಾಡ್ತೀವಲ್ಲ, ಆಸ್ಪತ್ರೆಯ ಐಸೊಲೇಷನ್ ಕೋಣೆಗೂ ಅಂಥದ್ದೇ ಮುಂಗೋಣೆ ಇರುತ್ತೆ. ನಿಯಮ ಒಂದೇ: ಎರಡು ಬಾಗಿಲು ಒಟ್ಟಿಗೆ ತೆಗೀಬಾರದು. ಸೊಪ್ಪಿನ ಹೊರೆ ತರುವಾಗ ಎರಡಕ್ಕೂ ಕಲ್ಲು ಒತ್ತಿಟ್ಟು ತೆಗೆದಿಡೋದು ನಮ್ಮ ಅಭ್ಯಾಸ. ಅದೊಂದು ಬಿಟ್ರೆ ಅರ್ಧ ಊಜಿ ಕಾಟ ಕಡಿಮೆ ಆಗುತ್ತೆ.

ಪ್ರಶ್ನೆ 4: ವೇಗ ಎಷ್ಟು?

ಗಾಳಿ ಬೇಕು, ಆದ್ರೆ ಬಿರುಗಾಳಿ ಬೇಡ. ಥಿಯೇಟರಿನಲ್ಲಿ ರೋಗಿಯ ಮೇಲೆ ಇಳಿಯೋ ಗಾಳಿ ಸೆಕೆಂಡಿಗೆ ಕಾಲು ಮೀಟರ್ ಆಸುಪಾಸು, ಕೈಗೆ ತಾಕಿದ್ರೂ ಗೊತ್ತಾಗದಷ್ಟು ಮೆತ್ತಗೆ. ಹುಳುವಿನ ಮೇಲೆ ನೇರ ಗಾಳಿ ಬೀಸಿದ್ರೆ ಸೊಪ್ಪು ಬಾಡುತ್ತೆ, ಹುಳು ಒಂದು ಕಡೆ ಗುಂಪಾಗುತ್ತೆ, ಜ್ವರ ಒಂದೇ ಸಮ ಏಳಲ್ಲ. ಟೇಬಲ್ ಫ್ಯಾನನ್ನ ಸ್ಟ್ಯಾಂಡಿನ ಎದುರು ಇಡೋರು ಇದನ್ನ ಗಮನಿಸಿ.

ಇಲ್ಲಿ ಕರು ಶೆಡ್ಡಿನ ಟ್ಯೂಬ್ ಉಪಯೋಗಕ್ಕೆ ಬರುತ್ತೆ. ದಬ್ಬೋ ಫ್ಯಾನಿನ ಬಾಯಿಗೆ 12 ಇಂಚು ಅಗಲದ ಪಾಲಿಥಿನ್ ಟ್ಯೂಬ್ ಕಟ್ಟಿ, ಮಾಡಿನ ಕೆಳಗೆ ತಂತಿಯಲ್ಲಿ ನೇತುಹಾಕಿ ಕೊನೇವರೆಗೆ ಎಳೀರಿ. ತುದಿ ಕಟ್ಟಿ. ಎರಡೂ ಪಕ್ಕಕ್ಕೆ ತೂತು ಹೊಡೀರಿ. ಎಷ್ಟು ತೂತು? ಟ್ಯೂಬಿನ ಬಾಯಿಯ ಅಳತೆ 113 ಚದರ ಇಂಚು. 2 ಇಂಚಿನ ಒಂದು ತೂತು 3.14 ಚದರ ಇಂಚು. 36 ತೂತು ಹೊಡೆದ್ರೆ ಎರಡೂ ಸಮ. ಒಂದೊಂದು ಪಕ್ಕಕ್ಕೆ 18, ಎರಡು ಅಡಿಗೊಂದು. ನಮ್ಮ 40 ಅಡಿ ಮನೆಗೆ ಸರಿಯಾಗಿ ಕೂತಿತು. ಇಲ್ಲಿಂದ ಶುರು ಮಾಡಿ, ಊದುಬತ್ತಿ ಪರೀಕ್ಷೆ ನೋಡಿ ಹೆಚ್ಚು ಕಮ್ಮಿ ಮಾಡ್ಕೊಳ್ಳಿ. ಜಾಸ್ತಿಯಾದ ತೂತಿಗೆ ಟೇಪ್ ಅಂಟಿಸಿದ್ರೆ ಆಯ್ತು. ಹೊರಗಿನ ತಣ್ಣನೆ ಗಾಳಿ ಮಾಡಿನ ಹತ್ತಿರದ ಬೆಚ್ಚನೆ ಗಾಳಿಯಲ್ಲಿ ಬೆರೆತು, ನಿಧಾನವಾಗಿ ಹುಳುವಿನ ಮೇಲೆ ಇಳಿಯುತ್ತೆ. ಹೀಟರ್ ಮಾತ್ರ ಟ್ಯೂಬಿನ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುತ್ತೆ.

ಕೊಳ್ಳಬೇಡಿ ಅನ್ನೋ ಪಟ್ಟಿ

ಕೋವಿಡ್ ಆದ ಮೇಲೆ ಆಸ್ಪತ್ರೆ ಹೆಸರು ಹೇಳಿ ಮಾರೋರು ಹಳ್ಳಿಗೂ ಬರ್ತಿದ್ದಾರೆ.

ಹೆಪಾ ಫಿಲ್ಟರ್: 0.3 ಮೈಕ್ರಾನ್ ಕಣವನ್ನೂ ಶೇ. 99.97ರಷ್ಟು ಹಿಡಿಯುತ್ತೆ, ನಿಜ. ಆದ್ರೆ ಅದರ ಮೂಲಕ ಗಾಳಿ ತಳ್ಳೋಕೆ ಸಾಧಾರಣ ಎಕ್ಸಾಸ್ಟ್ ಫ್ಯಾನಿಗೆ ಶಕ್ತಿ ಇಲ್ಲ, ನಮ್ಮ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತೆ. ಅಣಬೆ ಬೀಜ ಮಾಡೋರು, ಅಂಗಾಂಶ ಕೃಷಿ ಲ್ಯಾಬಿನವರು ಬಳಸೋ ಲ್ಯಾಮಿನಾರ್ ಫ್ಲೋ ಮೇಜಿಗೆ ಅದು ಬೇಕೇ ಬೇಕು. ಹುಳು ಮನೆಗೆ ಬೇಡ.

ಯು.ವಿ. ದೀಪ: ರೋಗಾಣು ಕೊಲ್ಲೋ ಬೆಳಕು ಕಣ್ಣು, ಚರ್ಮವನ್ನೂ ಸುಡುತ್ತೆ. ಓಝೋನ್ ಮೆಷಿನ್: ಉಸಿರಾಟಕ್ಕೆ ಕೆಟ್ಟದ್ದು. ಎರಡೂ ಬೇಡ.

ಇದ್ದಿಲು ಒಲೆ: ಇದನ್ನ ಮಾತ್ರ ಮನೆಯವರಿಗೆಲ್ಲ ಓದಿ ಹೇಳಿ

"ಹೊಗೆ ಹೋಗೋವರೆಗೆ ಹೊರಗೆ ಉರಿಸಿ, ಕೆಂಡ ಆದ ಮೇಲೆ ಒಳಗೆ ತಂದ್ರೆ ಏನೂ ಆಗಲ್ಲ" ಅಂತ ಎಲ್ಲರೂ ಹೇಳ್ತಾರೆ. ನಮ್ಮ ಅಪ್ಪನೂ ಹಾಗೇ ಮಾಡಿದ್ದು. ಇದು ತಪ್ಪು. ಹೊಗೆ ಇಲ್ಲದ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಇದು ಇನ್ನೂರು ಪಟ್ಟು ಗಟ್ಟಿಯಾಗಿ ಕೂರುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೇ ಹೋದವರಿದ್ದಾರೆ.

ಕೋವಿಡ್ ಕಾಲದಲ್ಲಿ ತಂದ ಬೆರಳಿಗೆ ಹಾಕೋ ಆಕ್ಸಿಮೀಟರ್ ಬಹಳ ಮನೆಯಲ್ಲಿದೆ. ಅದನ್ನ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ತುಂಬಿದ ರಕ್ತವನ್ನೂ ಅದು ಆಮ್ಲಜನಕ ಇರೋ ರಕ್ತ ಅಂತಲೇ ಓದುತ್ತೆ. 98 ಅಂತ ತೋರಿಸ್ತಾ ಇರುತ್ತೆ, ಮನುಷ್ಯ ಕೆಳಗೆ ಬಿದ್ದಿರ್ತಾನೆ. ಇಂಗಾಲದ ಡೈಆಕ್ಸೈಡ್ ತೋರಿಸೋ ಮೀಟರ್ ಕೂಡ ಇದನ್ನ ತೋರಿಸಲ್ಲ. ಇದಕ್ಕೇ ಬೇರೆ ಅಲಾರಂ ಸಿಗುತ್ತೆ, ಒಳಗೆ ಏನೇ ಉರಿಸೋರಾದ್ರೂ ಅದೊಂದು ತಗೊಳ್ಳಿ. ಯಾರಾದರೂ ಹೀಗೆ ಕೂತಿದ್ರೆ ಮೊದಲು ನೀವು ಉಸಿರು ಬಿಗಿಹಿಡಿದು ಹೋಗಿ ಹೊರಗೆ ಎಳೆದು ತನ್ನಿ, ಆಮೇಲೆ ಆಸ್ಪತ್ರೆ. 'ಒಲೆ ಹಾಕಿದ್ವಿ' ಅಂತ ಡಾಕ್ಟರಿಗೆ ಹೇಳೋದು ಮರೀಬೇಡಿ.

ವಿಷ ಗಾಳಿ ಹೋಗೋಕೆ ಎಷ್ಟು ಹೊತ್ತು? ಒಂದು ಸಲ ಗಾಳಿ ಬದಲಾದ್ರೆ ಹಳೇದು ಪೂರ್ತಿ ಹೋಯ್ತು ಅಂದ್ಕೋಬೇಡಿ. ಹೊಸದು ಹಳೇದು ಬೆರೆಯೋದರಿಂದ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಉಳಿದಿರುತ್ತೆ. ಶೇ. 99 ಹೋಗೋಕೆ ಗಂಟೆಗೆ 12 ಸಲದ ಐಸೊಲೇಷನ್ ಕೋಣೆಗೆ 23 ನಿಮಿಷ, ಗಂಟೆಗೆ 3 ಸಲದ ನಮ್ಮ ಹುಳು ಮನೆಗೆ ಒಂದೂವರೆ ಗಂಟೆ. ಸೋಂಕು ನಿವಾರಕ ಹೊಡೆದ ಮೇಲೂ ಇದೇ ಲೆಕ್ಕ. ಬಾಗಿಲು ತೆಗೆದ ತಕ್ಷಣ ಒಳಗೆ ಹೋಗಿ ಕೆಲಸ ಶುರು ಮಾಡಬೇಡಿ, ಫ್ಯಾನಿನ ಜೊತೆ ಎಲ್ಲ ಕಿಟಕಿಯೂ ತೆಗೆದಿರಲಿ.

ಕರೆಂಟ್ ಹೋದ್ರೆ?

ಆಸ್ಪತ್ರೆಗೆ ಜನರೇಟರ್ ಇರುತ್ತೆ, ನಮಗೆ ಇರಲ್ಲ. ಹಾಗಾಗಿ ಫ್ಯಾನ್ ನಂಬಿ ಕಿಟಕಿಗೆ ಮೊಳೆ ಹೊಡೀಬೇಡಿ. ಎದುರುಬದುರು ಎರಡೆರಡು ಕಿಟಕಿಯಾದರೂ ಕೈಯಲ್ಲಿ ತೆಗೆಯೋ ಹಾಗೆ ಇರಲಿ, ಟಾರ್ಪಾಲಿಗೆ ಹಗ್ಗ ಕಟ್ಟಿ ಮೇಲಕ್ಕೆ ಸುತ್ತೋ ಹಾಗೆ ಮಾಡಿ.

ನಮಗೆ ಏನಾಯ್ತು?

ಟ್ಯೂಬ್, ಟೈಮರ್ ಹಾಕಿದ ಮೇಲೆ ಐದು ಬೆಳೆ ತೆಗೆದಿದ್ದೀವಿ. ಮುಂಚೆ ಚಳಿಗಾಲದ ರಾತ್ರಿ ತೇವಾಂಶ ಮಾಪಕ 90ರ ಮೇಲೆ ತೋರಿಸ್ತಿತ್ತು, ಈಗ 72ರಿಂದ 78ರ ಒಳಗೆ ಇರುತ್ತೆ. ಸುಣ್ಣಕಟ್ಟು ಬೆರಳೆಣಿಕೆ ಹುಳುವಿನಲ್ಲಿ ಬಂದು ನಿಂತಿತು. ಒಂದು ಬೆಳೆಯಲ್ಲಿ ಹಾಲು ರೋಗ ಬಂತು, ಅದಕ್ಕೂ ಗಾಳಿಗೂ ಸಂಬಂಧ ಇಲ್ಲ, ಸೋಂಕು ನಿವಾರಣೆಯಲ್ಲಿ ನಾನೇ ಅವಸರ ಮಾಡಿದ್ದೆ. ಚಾರ್ನ್ಲಿ ಸಾಹೇಬರ ಕತೆ ಹೇಳಿದ್ದು ಇದಕ್ಕೇ: ಗಾಳಿ ಸರಿ ಇದ್ದ ಮಾತ್ರಕ್ಕೆ ಕೈ ತೊಳೆಯೋದು, ಹಾಸಿಗೆ ಸ್ವಚ್ಛ ಮಾಡೋದು, ಸುಣ್ಣ ಹಾಕೋದು ಬಿಡೋ ಹಾಗಿಲ್ಲ.

ಈ ವಾರ ಮಾಡಿ

1. ಹುಳು ಮನೆ ಉದ್ದ, ಅಗಲ, ಎತ್ತರ ಅಳೆದು ಘನ ಮೀಟರ್ ಬರೆದಿಡಿ. ಫ್ಯಾನಿನ ಅಂಕಿಯ ಅರ್ಧವನ್ನ ಅದರಿಂದ ಭಾಗಿಸಿ. 2ಕ್ಕಿಂತ ಕಡಿಮೆ ಬಂದ್ರೆ ಇನ್ನೊಂದು ಫ್ಯಾನ್ ಬೇಕು.
2. ಮನೆ ಖಾಲಿ ಇದ್ರೆ ಊದುಬತ್ತಿ ಪರೀಕ್ಷೆ ಮಾಡಿ, ಸತ್ತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.
3. ಫ್ಯಾನಿನ ಪಕ್ಕದ ಕಿಟಕಿ ಮುಚ್ಚಿ, ಎದುರು ತುದಿಯದ್ದು ತೆಗೀರಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.
4. ಬಲೆ ತೊಳೀರಿ.
5. ತೇವಾಂಶ ಮಾಪಕವನ್ನ ಬಾಗಿಲ ಹತ್ತಿರ ಅಲ್ಲ, ಮಧ್ಯದ ಸ್ಟ್ಯಾಂಡಿನಲ್ಲಿ ಹುಳುವಿನ ಮಟ್ಟದಲ್ಲಿ ಇಡಿ. ರಾತ್ರಿ 10ಕ್ಕೆ, ಬೆಳಗ್ಗೆ 5ಕ್ಕೆ ಫೋಟೊ ತೆಗೆದಿಡಿ.
6. ಇದ್ದಿಲು ಒಲೆ ಹೊರಗೆ ಇಡಿ.

ಆರನೇದನ್ನ ಇವತ್ತೇ ಮಾಡಿ. ಉಳಿದದ್ದು ನಾಳೆ ಆದ್ರೂ ಪರವಾಗಿಲ್ಲ.